ಜೋಡುನಳಿಗೆ ಕೋವಿ: ಬಿಚ್ಚಿದ್ದು ಒಂದು ಸಂಜೆ, ಜೋಡಿಸಿದ್ದು ಮೂರು ಭಾನುವಾರ

ಕೋವಿ ಬರ್ಮಿಂಗ್‌ಹ್ಯಾಮಿನದು. 12 ಬೋರ್, ಹ್ಯಾಮರ್ ಹೊರಗೆ ಕಾಣದ ಬಾಕ್ಸ್‌ಲಾಕ್, ಸಿಡಿದ ತೋಟೆಯನ್ನು ಹೊರಗೆ ಚಿಮ್ಮಿಸುವ ಇಜೆಕ್ಟರ್ ಇಲ್ಲ. ಒಳಗಿರುವುದು 1875ರಲ್ಲಿ ಆನ್ಸನ್ ಮತ್ತು ಡೀಲಿ ಪೇಟೆಂಟ್ ಪಡೆದ ಲಾಕ್, ಅಂದರೆ ಗುಂಡು ಹಾರಿಸುವ ಯಂತ್ರ. ಕೊಡಗಿನ ಮನೆಗಳ ಕಾಗದಪತ್ರದಲ್ಲಿ ಡಿಬಿಬಿಎಲ್ (ಹಿಂದಿನಿಂದ ತೋಟೆ ತುಂಬುವ ಜೋಡುನಳಿಗೆ) ಎಂದು ದಾಖಲಾಗಿರುವ ಹಳೆಯ ವಿಲಾಯತಿ ಕೋವಿಗಳಲ್ಲಿ ಈ ಜಾತಿಯವು ಸಾಕಷ್ಟಿವೆ. ಲಾಕ್ ನೋಡಿದರೆ ಹೆದರುವಂಥದ್ದೇನೂ ಇಲ್ಲ. ಒಂದೊಂದು ಬದಿಗೆ ಐದೇ ಸಾಮಾನು: ತೋಟೆ ಸಿಡಿಸಲು ಬಡಿಯುವ ಹ್ಯಾಮರ್, ಅದನ್ನು ತಡೆದು ಹಿಡಿಯುವ ಸಿಯರ್, ಇಂಗ್ಲಿಷಿನ ವಿ ಆಕಾರದ ಮುಖ್ಯ ಸ್ಪ್ರಿಂಗ್, ಸಿಯರಿನ ಪುಟ್ಟ ಸ್ಪ್ರಿಂಗ್, ಹ್ಯಾಮರ್ ಏರಿಸುವ ಕಾಕಿಂಗ್ ಲಿವರ್. ಎರಡೂ ಬದಿ ಸೇರಿ ಹತ್ತು. ಕಷ್ಟ ಇರುವುದು ಲೆಕ್ಕದಲ್ಲಲ್ಲ, ಕ್ರಮದಲ್ಲಿ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ದುರಸ್ತಿ ಅಂಗಡಿ ನಡೆಸುವುದಕ್ಕಲ್ಲ. ಹಾಗಾಗಿ ನಾವು ಮಾಡಿದ್ದು ನಮ್ಮ ಕೋವಿಯನ್ನು ನಮ್ಮ ಮನೆಯಲ್ಲೇ ಬಿಚ್ಚಿ, ಶುಚಿ ಮಾಡಿ, ಮತ್ತೆ ಜೋಡಿಸಿದ್ದು ಅಷ್ಟೆ. ಲೋಹಕ್ಕೆ ಅರ ಹಾಕುವುದು, ಸ್ಪ್ರಿಂಗ್ ಮಾಡುವುದು, ನಳಿಗೆ ಮುಟ್ಟುವುದು ಎಲ್ಲ ಲೈಸೆನ್ಸ್ ಇರುವ ಕೋವಿ ಅಂಗಡಿಯ ಕೆಲಸ.

ಬಿಚ್ಚುವಾಗಿನ ಒಂದು ಸೂಕ್ಷ್ಮ ಜೋಡಿಸುವಾಗ ಕೈಹಿಡಿಯುತ್ತದೆ. ಈ ಕೋವಿಯನ್ನು ನಡುವೆ ಮಡಚಿ ತೆರೆದರೆ ನಳಿಗೆಯ ಅಡಿಯ ಮರದ ಹಿಡಿಯಾದ ಫೋರ್‌ಎಂಡ್‌ನ ಕಬ್ಬಿಣ ಕಾಕಿಂಗ್ ಲಿವರುಗಳ ಮೂತಿಯನ್ನು ಒತ್ತಿ ಹ್ಯಾಮರ್ ಏರಿಸುತ್ತದೆ. ಹ್ಯಾಮರ್ ಏರಿಯೇ ಇದ್ದಾಗ ಸ್ಟಾಕ್ (ಹಿಂಬದಿಯ ಮರ) ತೆಗೆದರೆ ಸ್ಪ್ರಿಂಗು ಪೂರ್ತಿ ಬಿಗಿಯಲ್ಲಿ ನಿಮ್ಮ ಮುಖ ನೋಡುತ್ತಾ ಕೂತಿರುತ್ತದೆ. ಕೋವಿ ಖಾಲಿಯೆಂದು ಎರಡು ಸಲ ನೋಡಿ, ಎರಡೂ ನಳಿಗೆಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟೆ) ಹಾಕಿ, ಮುಚ್ಚಿ, ಫೋರ್‌ಎಂಡ್ ಕಳಚಿ, ಆಮೇಲೆ ಎರಡೂ ಟ್ರಿಗರ್ ಎಳೆಯಿರಿ. ಈಗ ತೆರೆದರೆ ಲಿವರನ್ನು ಒತ್ತುವವರು ಯಾರೂ ಇಲ್ಲ, ಹ್ಯಾಮರ್ ಕೆಳಗೇ ಉಳಿಯುತ್ತದೆ.

ಸ್ಕ್ರೂಗಳ ವಿಚಾರ. ಹಳೆಯ ಇಂಗ್ಲಿಷ್ ಕೋವಿಯ ಸ್ಕ್ರೂ ತಲೆಯ ಸೀಳು ಬಲು ಸಣ್ಣದು, ಗೋಡೆಗಳು ನೇರ. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತಿರುತ್ತದೆ. ತಿರುಗಿಸಿದಾಗ ಮೇಲಕ್ಕೆ ಹತ್ತಿ ಸೀಳಿನ ಅಂಚು ಕಿತ್ತುಹಾಕುತ್ತದೆ. ಗಡಿಯಾರ ರಿಪೇರಿಯ ಹವ್ಯಾಸವಿರುವ ಗೆಳೆಯರೊಬ್ಬರು ಮೂರು ಡ್ರೈವರುಗಳ ತುದಿಯನ್ನು ಕಲ್ಲಿಗೆ ಹಿಡಿದು, ಒಂದೊಂದು ಸೀಳಿಗೂ ತಾಳೆ ನೋಡಿ ಸಮಾನಾಂತರವಾಗಿ ಉಜ್ಜಿಕೊಟ್ಟರು. ಅರ್ಧ ದಿನ ಹೋಯಿತು, ಒಂದೇ ಒಂದು ಸ್ಕ್ರೂ ಕೆಡಲಿಲ್ಲ. ಪ್ರತಿ ಸ್ಕ್ರೂವೂ ಅದರ ತೂತಿಗೆ ಮಾತ್ರ ಕೈಯಲ್ಲಿ ಕೂರಿಸಿದ್ದು; ಎಡದ್ದು ಬಲಕ್ಕೆ ಬರುವುದಿಲ್ಲ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ಚುಚ್ಚಿಟ್ಟೆವು. ಪೂರ್ತಿ ಕೂತಾಗ ಸೀಳು ನಳಿಗೆಯ ಉದ್ದಕ್ಕೇ ನಿಲ್ಲುವಂತೆ ಮಾಡಿರುತ್ತಾರೆ. ಈ ಮಾತು ನೆನಪಿಡಿ, ನಮ್ಮ ತಪ್ಪು ಸಿಕ್ಕಿದ್ದೇ ಇದರಿಂದ.

ಶುಚಿ ಮಾಡುವುದರಲ್ಲಿ ಹೇಳುವಂಥದ್ದು ಕಡಿಮೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ, ಹಳೆಯ ಹಲ್ಲುಜ್ಜುವ ಬ್ರಷ್, ಒಣಬಟ್ಟೆ. ಬ್ಲೂಯಿಂಗ್ (ಲೋಹಕ್ಕೆ ಕೊಡುವ ನೀಲಿಗಪ್ಪು ಬಣ್ಣ) ಮಾತ್ರ ಯಾರು ಹೇಳಿದರೂ ಬಿಸಿ ಉಪ್ಪಿನ ತೊಟ್ಟಿಯಲ್ಲಿ ಮಾಡಿಸಬೇಡಿ. ಎರಡು ನಳಿಗೆಯ ನಡುವಿನ ಪಟ್ಟಿ ಕೂತಿರುವುದು ಮೆದು ಬೆಸುಗೆಯಲ್ಲಿ, ಆ ದ್ರಾವಣ ಅದನ್ನು ತಿಂದುಹಾಕುತ್ತದೆ. ಪಟ್ಟಿ ಗಟ್ಟಿಯಾಗಿದೆಯೋ ಎಂದು ತಿಳಿಯಲು ನಳಿಗೆಯ ಜೋಡಿಯನ್ನು ಕೆಳಗಿನ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಗೆಣ್ಣಿನಲ್ಲಿ ತಟ್ಟಿ. ಗಂಟೆಯಂತೆ ಗುಂಯ್ ಎಂದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ.

ಜೋಡಿಸುವ ಕೆಲಸಕ್ಕೆ ಮೂರು ಜೋಡಿ ಕೈ ಬೇಕು, ಇದು ಉತ್ಪ್ರೇಕ್ಷೆಯಲ್ಲ. ಮೊದಲು ಕಾಕಿಂಗ್ ಲಿವರುಗಳು ಮತ್ತು ಅವುಗಳ ಪಿನ್ನು. ಆಮೇಲೆ ಮುಖ್ಯ ಸ್ಪ್ರಿಂಗ್, ಅದರ ಮೇಲೆ ಹ್ಯಾಮರ್. ಹ್ಯಾಮರನ್ನು ಸ್ಪ್ರಿಂಗಿಗೆ ಎದುರಾಗಿ ಕ್ಲ್ಯಾಂಪಿನಲ್ಲಿ ಒತ್ತುತ್ತಾ ಹೋಗಬೇಕು, ಹ್ಯಾಮರಿನ ತೂತು, ಲಾಕನ್ನು ಹೊತ್ತ ಉಕ್ಕಿನ ಮೈಯಾದ ಆಕ್ಷನ್‌ನ ತೂತಿಗೆ ಸರಿಹೊಂದುವವರೆಗೆ. ಒಬ್ಬರು ಕ್ಲ್ಯಾಂಪ್ ತಿರುಗಿಸುವುದು, ಇನ್ನೊಬ್ಬರು ಟಾರ್ಚ್ ಹಿಡಿದು ತೂತಿನ ಚಂದ್ರ ತುಂಬುವುದನ್ನು ನೋಡಿ ಹೇಳುವುದು, ಮತ್ತೊಬ್ಬರು ಪಿನ್ನು ತಳ್ಳುವುದು. ಅಸಲು ಪಿನ್ನನ್ನು ನೇರ ತಳ್ಳಬೇಡಿ. ತುದಿ ಮೊನಚಾದ, ಅಸಲಿಗಿಂತ ಕೂದಲೆಳೆಯಷ್ಟು ಸಣ್ಣ ಡಮ್ಮಿ ಪಿನ್ನೊಂದನ್ನು ಮೊದಲು ಹಾಕಿ, ಅದನ್ನು ಅಸಲು ಪಿನ್ನಿನಿಂದಲೇ ಆಚೆಗೆ ತಳ್ಳುತ್ತಾ ಹೋಗಬೇಕು. ಲೇತ್ ಇರುವ ಗೆಳೆಯರು ಹಿತ್ತಾಳೆಯಲ್ಲಿ ಎರಡು ಮಾಡಿಕೊಟ್ಟಿದ್ದರು. ಕಬ್ಬಿಣದ್ದಾದರೆ ತೂತು ಗೀರುತ್ತದೆ. ನಮ್ಮ ಕೋವಿಯಲ್ಲಿ ಒಂದೇ ಪಿನ್ನು ಎರಡೂ ಹ್ಯಾಮರುಗಳಿಗೆ ಹಾಯುತ್ತದೆ, ತುದಿಗಳಲ್ಲಿ ಕೆತ್ತನೆಯೂ ಇದೆ. ತಿರುವುಮುರುವಾದರೆ ಹೊರಗಿನ ಹೂಬಳ್ಳಿಯ ನಡುವೆ ಅದು ಎದ್ದು ಕಾಣುತ್ತದೆ.

ಕ್ಲ್ಯಾಂಪಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಕಣ್ಣಿಗೆ ಕನ್ನಡಕ ಹಾಕಿ. ವಿ ಸ್ಪ್ರಿಂಗನ್ನು ಕೂರಿಸಲು ಬೇಕಾದಷ್ಟೇ ಒತ್ತಬೇಕು. ಎರಡು ಕಾಲು ಒಂದಕ್ಕೊಂದು ತಾಗುವಷ್ಟು ಹಿಸುಕಿದರೆ ಬಾಗಿನಲ್ಲಿ ಮುರಿಯುತ್ತದೆ, ಅದೂ ಇವತ್ತಲ್ಲ, ಮುಂದಿನ ತಿಂಗಳು.

ಎಲ್ಲ ಕೂತಿತು, ಸ್ಟಾಕ್ ಏರಿತು, ಬಲ ಟ್ರಿಗರ್ ಕೆಲಸ ಮಾಡಿತು. ಎಡದ ಹ್ಯಾಮರ್ ಮಾತ್ರ ನಿಲ್ಲಲೊಲ್ಲದು. ಕೋವಿ ತೆರೆದಾಗ ಏರುತ್ತದೆ, ಮುಚ್ಚುವಾಗ ಟಕ್ ಎಂದು ಬೀಳುತ್ತದೆ. ತುಂಬಿದ ಕೋವಿಯಲ್ಲಿ ಹೀಗಾದರೆ ಏನೆಂದು ಹೇಳಬೇಕಾಗಿಲ್ಲ.

ಎಲ್ಲರ ಮೊದಲ ಊಹೆ ಒಂದೇ: ಸಿಯರಿನ ಮೂತಿಯೋ ಹ್ಯಾಮರಿನ ಕಚ್ಚೋ ಸವೆದಿದೆ. ಇಲ್ಲೇ ಅರ ಕೈಗೆ ಬರುವುದು, ಇಲ್ಲೇ ಕೋವಿ ಹಾಳಾಗುವುದು. ಭೂತಗನ್ನಡಿಯಲ್ಲಿ ನೋಡಿದರೆ ಕಚ್ಚಿನ ಅಂಚು ಬ್ಲೇಡಿನಂತೆ ಚೊಕ್ಕ. ಸ್ಟಾಕ್ ತೆಗೆದು, ಕಾಕಿಂಗ್ ಲಿವರನ್ನು ಮರದ ಮೇಜಿನ ಅಂಚಿಗೆ ಒತ್ತಿ ಏರಿಸಿದರೆ ಹ್ಯಾಮರ್ ಗಟ್ಟಿಯಾಗಿ ನಿಲ್ಲುತ್ತದೆ. ಸ್ಟಾಕ್ ಹಾಕಿದರೆ ಬೀಳುತ್ತದೆ. ಅಂದಮೇಲೆ ದೋಷ ಲಾಕಿನಲ್ಲಿಲ್ಲ, ಮರದಲ್ಲಿ.

ಆಗ ಕಣ್ಣಿಗೆ ಬಿದ್ದದ್ದು ಕೋವಿ ತೆರೆಯುವ ಟಾಪ್ ಲಿವರಿನ ಅಡಿಯ ದೊಡ್ಡ ಸ್ಕ್ರೂ. ಲಿವರನ್ನು ಪಕ್ಕಕ್ಕೆ ಸರಿಸಿದರೆ ಮಾತ್ರ ಕಾಣುವ ಇದು ಮೇಲಿನಿಂದ ಮರವನ್ನು ಹಾದು ಕೆಳಗೆ ಟ್ರಿಗರುಗಳು ಕೂರುವ ಟ್ರಿಗರ್ ಪ್ಲೇಟಿಗೆ ಸೇರುತ್ತದೆ. ಅದರ ಸೀಳು ನೇರ ನಿಲ್ಲುವ ಬದಲು ಸುಮಾರು ಕಾಲು ಸುತ್ತು ದಾಟಿ ಹೋಗಿತ್ತು. ಲೋಹ ಕುಗ್ಗುವುದಿಲ್ಲ, ಕುಗ್ಗಿದ್ದು ನಡುವಿನ ವಾಲ್ನಟ್ ಮರ. ದಶಕಗಳ ಕಾಲ ಮೂತಿ ಮೇಲಾಗಿ ನಿಂತ ಕೋವಿಯಲ್ಲಿ ಹಾಕಿದ ಎಣ್ಣೆಯೆಲ್ಲ ಇಳಿದು ಸ್ಟಾಕಿನ ತಲೆಗೆ ಸೇರಿ, ಅಲ್ಲಿನ ಮರ ಕಪ್ಪಾಗಿ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ಸ್ಕ್ರೂ ಬಿಗಿದಂತೆಲ್ಲ ಟ್ರಿಗರ್ ಪ್ಲೇಟು ಮೇಲಕ್ಕೆ ಬಂದು, ಟ್ರಿಗರಿನ ಬೆನ್ನು ಸಿಯರಿನ ಬಾಲವನ್ನು ಸದಾ ಎತ್ತಿ ಹಿಡಿದಿತ್ತು. ಎತ್ತಿಟ್ಟ ಸಿಯರ್ ಕಚ್ಚಿಗೆ ಪೂರ್ತಿ ಇಳಿಯದು. ಸರಿಯಿದ್ದರೆ ಹ್ಯಾಮರ್ ಏರಿಸಿದ ಮೇಲೆ ಟ್ರಿಗರನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಸಣ್ಣಗೆ ಲಟಲಟ ಎನ್ನಬೇಕು. ನಮ್ಮ ಹಿಂದಿನ ಟ್ರಿಗರ್, ಅಂದರೆ ಎಡ ನಳಿಗೆಯದು, ಬಿಗಿಯಾಗಿ ಕೂತಿತ್ತು.

ಮದ್ದು ಸೀಮೆಸುಣ್ಣದ ನುಣ್ಣನೆ ಪುಡಿ. ಅದನ್ನು ಅಸಿಟೋನಿನಲ್ಲಿ ಕಲಸಿ, ಸ್ಟಾಕಿನ ಒಳಮೈಗೆ ಬಳಿದು, ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸುವುದು. ಮೊದಲ ಸಲ ಪುಡಿ ಬೆಲ್ಲದ ಬಣ್ಣಕ್ಕೆ ತಿರುಗಿತು; ಏಳನೆಯ ಸಲಕ್ಕೆ ಹೆಚ್ಚುಕಡಿಮೆ ಬಿಳಿ. ಅಸಿಟೋನ್ ಹೊರಗಿನ ಪಾಲಿಶ್ ತೆಗೆಯುತ್ತದೆ, ಅಂಚಿಗೆ ಟೇಪ್ ಹಚ್ಚಿಕೊಳ್ಳಿ, ಒಲೆಯ ಹತ್ತಿರ ಕೂರಬೇಡಿ. ಮರ ಗಟ್ಟಿಯಾದರೂ ಕುಗ್ಗಿದ್ದು ವಾಪಸು ಬರಲಿಲ್ಲ. ಮರಗೆಲಸ ಬಲ್ಲವರು ಟ್ರಿಗರ್ ಪ್ಲೇಟಿನ ಹಾಸಿಗೆಗೆ ವಾಲ್ನಟ್ಟಿನ ತೆಳು ಪದರ ಅಂಟಿಸಿ, ಪ್ಲೇಟಿಗೆ ದೀಪದ ಮಸಿ ಬಳಿದು ಕೂರಿಸಿ, ಮಸಿ ಹತ್ತಿದಲ್ಲಿ ಮಾತ್ರ ಕೆರೆದು, ಹೀಗೇ ಹತ್ತಾರು ಸಲ ಮಾಡಿ ಸೀಳು ನೇರ ನಿಲ್ಲುವಲ್ಲಿಗೆ ತಂದರು. ಹಿಂದಿನ ಟ್ರಿಗರ್ ಲಟಲಟ ಎಂದಿತು, ಹ್ಯಾಮರ್ ನಿಂತಿತು.

ಹ್ಯಾಮರ್ ಇಳಿದೇ ಇರುವಾಗ ಫೋರ್‌ಎಂಡ್ ಸರಿಯಾಗಿ ಕೂರುವುದಿಲ್ಲ, ಲಿವರುಗಳ ಮೂತಿ ಅಡ್ಡ ಬರುತ್ತದೆ. ಗುದ್ದಬೇಡಿ. ಮೇಜಿನ ಅಂಚಿಗೆ ಎರಡೂ ಮೂತಿ ಒತ್ತಿ, ಕ್ಲಿಕ್ ಕ್ಲಿಕ್ ಎಂದು ಎರಡು ಸಲ ಕೇಳಿದ ಮೇಲೆ ನಳಿಗೆ, ಕೊನೆಗೆ ಫೋರ್‌ಎಂಡ್.

ಪರೀಕ್ಷೆ ಹೀಗೆ ಮಾಡಿದೆವು. ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಮುಂದಿನ ಟ್ರಿಗರ್ 1.7 ಕೆಜಿಗೆ, ಹಿಂದಿನದು 2 ಕೆಜಿಗೆ ಬಿಟ್ಟಿತು, ಇದು ಸರಿ. ಸ್ನ್ಯಾಪ್ ಕ್ಯಾಪ್ ಹಾಕಿ, ಹ್ಯಾಮರ್ ಏರಿಸಿ, ಸೇಫ್ಟಿ ತೆಗೆದು ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಹತ್ತು ಸಲ ಕುಟ್ಟಿದೆವು; ಬೀಳಲಿಲ್ಲ. ಸೇಫ್ಟಿ ಹಾಕಿ ಕುಟ್ಟಿದರೆ ನಿಜ ತಿಳಿಯುತ್ತದೆ ಎಂದುಕೊಳ್ಳಬೇಡಿ. ಈ ಲಾಕಿನಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಹ್ಯಾಮರನ್ನಲ್ಲ. ಫೋರ್‌ಎಂಡ್ ಇಲ್ಲದೆ ಮುಚ್ಚಿ ಅಲ್ಲಾಡಿಸಿದಾಗ ನಳಿಗೆ ಕದಲಲಿಲ್ಲ, ಬೆಳಕಿಗೆ ಹಿಡಿದರೆ ಸಂದಿಯೂ ಕಾಣಲಿಲ್ಲ.

ಆದರೂ ತೋಟೆ ಹಾಕುವ ಮೊದಲು ನಳಿಗೆಯನ್ನು ಲೈಸೆನ್ಸ್ ಅಂಗಡಿಯಲ್ಲಿ ಅಳೆಸಿದೆವು. ಗೋಡೆಯ ದಪ್ಪ ಎಲ್ಲೂ ಅರ್ಧ ಮಿಮೀಗಿಂತ ಕಡಿಮೆ ಇರಬಾರದು. ನಳಿಗೆಯ ಅಡಿಯ ಮುದ್ರೆಯಲ್ಲಿ 2½ ಇಂಚು ಎಂದಿದೆ, ಅಂದರೆ 65 ಮಿಮೀ ಚೇಂಬರ್ (ತೋಟೆ ಕೂರುವ ಜಾಗ). 70 ಮಿಮೀ ತೋಟೆಯೂ ಇದರೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದು ಅಲ್ಲೇ. ಪೆಟ್ಟಿಗೆಯ ಮೇಲಿನ ಉದ್ದ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು. ಮಡಿಕೆ ಬಿಚ್ಚಿದಾಗ ಅದು ಚೇಂಬರಿನ ಮುಂದಿನ ಇಕ್ಕಟ್ಟಿಗೆ ನುಗ್ಗಿ ಒತ್ತಡ ಏರಿಸುತ್ತದೆ.

ಈಗ ಎಣ್ಣೆ ಹಾಕಿದ ಮೇಲೆ ಕೋವಿಯನ್ನು ಒಂದು ವಾರ ಮೂತಿ ಕೆಳಗಾಗಿ, ದಪ್ಪ ಕಂಬಳಿ ತುಂಡಿನ ಮೇಲೆ, ಬೀಗದ ಕಪಾಟಿನಲ್ಲಿ ನಿಲ್ಲಿಸುತ್ತೇವೆ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ) ದಿನ ಮಾತ್ರ ಮೂತಿ ಮೇಲೆ. ಪೂಜೆ ಮುಗಿದ ಕೂಡಲೇ ನಳಿಗೆಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ತೆಗೆದು ಒಣಬಟ್ಟೆ ಎಳೆಯಬೇಕು. ದೇಟಿನ ನೀರು ರಾತ್ರಿಯೊಳಗೆ ನಳಿಗೆಯ ಬಾಯಲ್ಲಿ ತುಕ್ಕಿನ ಬಳೆ ಬಿಡುತ್ತದೆ.