ತಂತಿಯ ರೋಧ ಅಳೆಯುವುದು ಹೇಗೆ? ಮೊದಲು ಕ್ಲಿಪ್ ನೋಡಿ

ಡೊಂಬಿವಲಿಯಲ್ಲಿ ನಮ್ಮ ಕನ್ನಡ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವಾಗ ಪ್ರತಿ ವರ್ಷ ಇದೇ ಕಥೆ. ತಂತಿ ಉದ್ದವಾದರೆ ರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಆಗುವ ಅಡ್ಡಿ, ಜಾಸ್ತಿ; ದಪ್ಪವಾದರೆ ಕಡಿಮೆ. ಇದು ಎಲ್ಲರಿಗೂ ಬಾಯಿಪಾಠ. ಅಳೆದು ತೋರಿಸಿ ಅಂದರೆ ಮಾತ್ರ ಲೆಕ್ಕ ಕೂಡುವುದಿಲ್ಲ. ಎಡವುವುದು ತಂತಿಗೆ ಮೀಟರಿನ ಕ್ಲಿಪ್ ಹಾಕುವಾಗ.

ಮೊದಲು ತಂತಿ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಕಡೆ ಹೋದಾಗ 28 ಗೇಜಿನ (ಗೇಜ್ ಅಂದರೆ ದಪ್ಪದ ಸಂಖ್ಯೆ) ನೈಕ್ರೋಮ್, ಅಂದರೆ ನಿಕಲ್-ಕ್ರೋಮಿಯಂ ಮಿಶ್ರಲೋಹದ ತಂತಿ ಕೇಳಿ ತನ್ನಿ. ತಾಮ್ರ ಬೇಡವೇ ಬೇಡ. ಅದೇ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 0.15 ಓಮ್ (ರೋಧದ ಅಳತೆಮಾನ) ಅಷ್ಟೇ. ಸಾಮಾನ್ಯ ಮಲ್ಟಿಮೀಟರ್ ಅದನ್ನು ಸರಿಯಾಗಿ ಹೇಳಲಾರದು. ನೈಕ್ರೋಮ್ ಆದರೆ ಮೀಟರಿಗೆ 10 ಓಮ್ ಹತ್ತಿರ ಬರುತ್ತದೆ. ಹಳೇ ಸ್ಟವ್ವಿನ ಕಾಯಿಲ್ ಎಳೆದು ನೆಟ್ಟಗೆ ಮಾಡುವವರಿದ್ದಾರೆ, ಅದು ಬೇಡ. ಜೋರಾಗಿ ಎಳೆದ ಕಡೆ ತಂತಿ ತೆಳುವಾಗಿರುತ್ತದೆ.

ಹಲಗೆಗೆ ಸ್ಕೇಲ್ ಅಂಟಿಸಿ, ತಂತಿಯನ್ನು ಅದರ ಪಕ್ಕ ಬಿಗಿಯಾಗಿ ಕಟ್ಟಿ. ಮೀಟರನ್ನು 200 ಓಮ್‌ಗೆ ತಿರುಗಿಸಿ. ಗೋಡೆಯ ಪ್ಲಗ್ಗಿಗೆ ಈ ತಂತಿಯನ್ನು ಯಾವತ್ತೂ ಸಿಕ್ಕಿಸಬೇಡಿ. ಮೀಟರಿನ ಒಳಗಿನ ಬ್ಯಾಟರಿಯೇ ಸಾಕು.

ಈಗ ನಿಧಾನವಾಗಿ ಓದಿ. ಎರಡೂ ಕ್ಲಿಪ್‌ಗಳನ್ನು ಒಂದಕ್ಕೊಂದು ಕಚ್ಚಿಸಿ ಮೀಟರ್ ನೋಡಿ. ಸೊನ್ನೆ ಬರುವುದಿಲ್ಲ. 0.4 ಬಂತು ಅಂತಿಟ್ಟುಕೊಳ್ಳಿ. ಅದು ಮೀಟರಿನ ವೈರು ಮತ್ತು ಕ್ಲಿಪ್ಪಿನದೇ ರೋಧ. ಬರೆದಿಟ್ಟುಕೊಳ್ಳಿ, ಪ್ರತಿ ಸಲ ಕಳೆಯಿರಿ. ಕಳೆಯದಿದ್ದರೆ ಏನಾಗುತ್ತದೆ? 25 ಸೆಂಟಿಮೀಟರಿಗೆ 2.9, 50ಕ್ಕೆ 5.4 ಬರುತ್ತದೆ. ಉದ್ದ ಎರಡರಷ್ಟಾಯಿತು, ರೋಧ ಆಗಲಿಲ್ಲ ಅಂತ ಮಗು ಗಾಬರಿಯಾಗುತ್ತದೆ. ಕಳೆದು ನೋಡಿ: 2.5 ಮತ್ತು 5. ಸರಿಯಾಯಿತು, ಅಲ್ವಾ?

ಕ್ಲಿಪ್ ಕಚ್ಚುವ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿ. ಉದ್ದವನ್ನು ಕ್ಲಿಪ್ಪಿನ ಒಳಅಂಚಿನಿಂದ ಒಳಅಂಚಿಗೆ ಅಳೆಯಿರಿ. ಅಂಕಿ ಕುಣಿಯುತ್ತಿದ್ದರೆ ಸುಮ್ನೆ ಸರಾಸರಿ ಹಾಕಬೇಡಿ, ಕ್ಲಿಪ್ ಬಿಚ್ಚಿ ಮತ್ತೆ ಹಾಕಿ. ಮುಂಬಯಿ ಮಳೆಗಾಲದಲ್ಲಿ ಕಬ್ಬಿಣದ ಕ್ಲಿಪ್ ಬೇಗ ತುಕ್ಕು ಹಿಡಿಯುತ್ತದೆ. ಅಂಥದ್ದನ್ನು ಎಸೆಯಿರಿ. ಮೀಟರ್ ಅಗ್ಗದ್ದಾದರೂ ನಡೆಯುತ್ತದೆ, ಕ್ಲಿಪ್ ವೈರ್ ಮಾತ್ರ ಅಗ್ಗದ್ದು ಬೇಡ. ಅವುಗಳಲ್ಲಿ ಪ್ಲಾಸ್ಟಿಕ್ ಟೋಪಿಯ ಒಳಗೆ ವೈರು ಎಷ್ಟೋ ಸಲ ಸಡಿಲವಾಗಿ ಸಿಕ್ಕಿಕೊಂಡಿರುತ್ತದೆ.

ದಪ್ಪದ ಪಾಠಕ್ಕೆ ಒಂದೇ ಉದ್ದದ ಎರಡು ಎಳೆ ಪಕ್ಕಪಕ್ಕ ಜೋಡಿಸಿ, ಎರಡನ್ನೂ ಒಟ್ಟಿಗೆ ಕ್ಲಿಪ್ಪಿಗೆ ಕಚ್ಚಿಸಿ ಅಳೆಯಿರಿ, ರೋಧ ಅರ್ಧವಾಗುತ್ತದೆ. ಬೇಕಿದ್ದರೆ 22 ಗೇಜಿನದೂ ತನ್ನಿ. ಗೇಜ್ ಸಂಖ್ಯೆ ಕಡಿಮೆಯಾದರೆ ತಂತಿ ದಪ್ಪ. 22ರ ಅಡ್ಡಳತೆ 0.71 ಮಿಲಿಮೀಟರ್, 28ರದು 0.38. ಅಡ್ಡಳತೆ ಎರಡರಷ್ಟಕ್ಕೆ ತುಸು ಕಡಿಮೆ, ಆದರೆ ರೋಧ ಮೀಟರಿಗೆ 10ರಿಂದ 2.8 ಓಮ್‌ಗೆ ಇಳಿಯುತ್ತದೆ. ಲೆಕ್ಕಕ್ಕೆ ಬರುವುದು ತಂತಿಯ ಅಡ್ಡಕೊಯ್ತದ ವಿಸ್ತೀರ್ಣ.

ಬಿಸಿಯಾದಾಗ ರೋಧ ಬದಲಾಗುವುದು ನೈಕ್ರೋಮಿನಲ್ಲಿ ತೀರಾ ಕಡಿಮೆ. ಆ ಬದಲಾವಣೆ ತೋರಿಸಲು ಹೋಲ್ಡರಿನಿಂದ ತೆಗೆದ, ಪೂರ್ತಿ ತಣ್ಣಗಾದ 60 ವಾಟಿನ ಹಳೇ ತಂತಿ ಬಲ್ಬೇ ಒಳ್ಳೆಯದು. ತಣ್ಣಗಿದ್ದಾಗ ಅದು 100 ಓಮ್‌ಗಿಂತ ಕಡಿಮೆ ತೋರಿಸುತ್ತದೆ. 230 ವೋಲ್ಟಿನಲ್ಲಿ ಉರಿಯುವಾಗ ಎಷ್ಟು ಅಂತ ವೋಲ್ಟಿನ ವರ್ಗವನ್ನು ವಾಟಿನಿಂದ ಭಾಗಿಸಿ, ಕಾಗದದ ಮೇಲೆಯೇ ಲೆಕ್ಕ ಹಾಕಿಸಿ. ಸುಮಾರು 880 ಬರುತ್ತದೆ.