ಮನೆಯಲ್ಲಿರುವ ಪಾದರಸವನ್ನು ಹಿಂದಿರುಗಿಸುವುದು ಹೇಗೆ?

ಕೆಟ್ಟುಹೋದ ಟ್ಯೂಬ್‌ಲೈಟ್, ಗಾಜಿನ ಹಳೆಯ ಥರ್ಮಾಮೀಟರ್, ಯಾರೂ ಬಳಸದ ಬಿಪಿ ಯಂತ್ರ. ಇಟ್ಟುಕೊಳ್ಳಲು ಕಿರಿಕಿರಿ, ಎಸೆಯಲು ಅಳುಕು. ಕಡೆಗೆ ಮನೆ ಬದಲಿಸುವ ದಿನ ಎಲ್ಲವೂ ಒಟ್ಟಾಗಿ ಕಸದ ಬುಟ್ಟಿ ಸೇರುತ್ತವೆ. ಇವುಗಳ ಒಳಗಿರುವ ಪಾದರಸ ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಕಸಕ್ಕೆ ಬೆಂಕಿ ಬಿದ್ದರೆ ಆವಿಯಾಗಿ ಗಾಳಿ ಸೇರುತ್ತದೆ, ಮಳೆಯ ಜೊತೆ ಕೆರೆ, ಹೊಳೆ, ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಎಂಬ ಇನ್ನಷ್ಟು ವಿಷಕಾರಿ ರೂಪಕ್ಕೆ ಬದಲಿಸುತ್ತವೆ. ಮುಂದೆ ಅದು ಮೀನಿನ ಮೈಯಲ್ಲಿ, ಮೀನು ತಿನ್ನುವವರ ನರಮಂಡಲದಲ್ಲಿ.

ಇದನ್ನು ತಡೆಯಲು ಸರ್ಕಾರಗಳೂ ತಯಾರಕರೂ ಸೇರಿ ಹಲವು ದೇಶಗಳಲ್ಲಿ ವಾಪಸಾತಿ ವ್ಯವಸ್ಥೆ ಕಟ್ಟಿದ್ದಾರೆ. ಕೆಲವು ಕಡೆ ಅದು ಚೆನ್ನಾಗಿ ನಡೆಯುತ್ತಿದೆ, ಕೆಲವು ಕಡೆ ಕಾಗದದ ಮೇಲಷ್ಟೇ ಇದೆ. ಎರಡೂ ಕಡೆ ಮೊದಲ ಕೊಂಡಿ ಮಾತ್ರ ಮನೆಯವರದ್ದೇ.

ಮೊದಲು ಗುರುತಿಸಿ

ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಬೆಳ್ಳಿಯಂತೆ ಹೊಳೆಯುವ ಗೆರೆ ಕಂಡರೆ ಅದು ಪಾದರಸವೆಂದೇ ತಿಳಿಯಿರಿ. ಕೆಂಪು ಅಥವಾ ನೀಲಿ ಗೆರೆಯಾದರೆ ಅದು ಬಣ್ಣ ಹಾಕಿದ ಆಲ್ಕೊಹಾಲ್. ಗ್ಯಾಲಿನ್‌ಸ್ಟಾನ್ ಎಂಬ ಮಿಶ್ರಲೋಹವೂ ಬೆಳ್ಳಿಯಂತೆಯೇ ಕಾಣುತ್ತದೆ. ಅಂಥವುಗಳ ಮೇಲೆ ಸಾಮಾನ್ಯವಾಗಿ ‘ಪಾದರಸರಹಿತ’ ಎಂದು ಬರೆದಿರುತ್ತಾರೆ. ಬರಹ ಇಲ್ಲದಿದ್ದರೆ ಪಾದರಸ ಇದೆ ಎಂದುಕೊಂಡೇ ನಡೆದುಕೊಳ್ಳಿ.

ದೀಪಗಳಲ್ಲಿ ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಎರಡರಲ್ಲೂ ಪಾದರಸದ ಆವಿ ಇರುತ್ತದೆ. ಎಲ್‌ಇಡಿಯಲ್ಲಿ ಇಲ್ಲ. ಚಳಿ ದೇಶಗಳ ಮನೆಗಳಲ್ಲಿ ಕೋಣೆಯ ಉಷ್ಣತೆ ನಿಯಂತ್ರಿಸಲು ಗೋಡೆಗೆ ಹಾಕಿರುವ ಹಳೆಯ ಥರ್ಮೋಸ್ಟಾಟ್‌ಗಳ ಒಳಗೆ ಪುಟ್ಟ ಗಾಜಿನ ಗುಳಿಗೆಯಲ್ಲಿ ಪಾದರಸ ತುಂಬಿರುತ್ತದೆ. ಉಷ್ಣತೆ ಬದಲಾದಾಗ ಗುಳಿಗೆ ವಾಲುತ್ತದೆ, ಪಾದರಸ ಹರಿದು ವಿದ್ಯುತ್ ಸಂಪರ್ಕ ಕೊಡುತ್ತದೆ ಅಥವಾ ತಪ್ಪಿಸುತ್ತದೆ. ಹಳೆಯ ಬಟನ್ ಸೆಲ್‌ಗಳಲ್ಲೂ ಸ್ವಲ್ಪ ಇರುತ್ತದೆ. ಚರ್ಮ ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲೂ ಪಾದರಸ ಇರುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಡಬ್ಬಿಯ ಮೇಲೆ ‘ಕ್ಯಾಲೊಮೆಲ್’ ಅಥವಾ ‘ಮರ್ಕ್ಯೂರಿಕ್’ ಎಂದು ಕಂಡರೆ ಹಚ್ಚುವುದನ್ನು ಅಲ್ಲಿಗೇ ನಿಲ್ಲಿಸಿ.

ಎಲ್ಲದರಲ್ಲೂ ಪಾದರಸ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೆ. ಜ್ವರದ ಥರ್ಮಾಮೀಟರಿನಲ್ಲಿ ಅರ್ಧ ಗ್ರಾಂನಿಂದ ಒಂದೂವರೆ ಗ್ರಾಂ. ಪಾದರಸದ ಬಿಪಿ ಯಂತ್ರದಲ್ಲಿ 80ರಿಂದ 100 ಗ್ರಾಂ. ಎಂದರೆ ಒಂದು ಬಿಪಿ ಯಂತ್ರ ಕನಿಷ್ಠ 16,000 ಸಿಎಫ್‌ಎಲ್‌ಗಳಿಗೆ ಸಮ. ಬಲ್ಬಿನ ಬಗ್ಗೆ ಎಲ್ಲರೂ ಆತಂಕಪಡುತ್ತಾರೆ, ಬಿಪಿ ಯಂತ್ರವನ್ನು ಮಕ್ಕಳ ಕೈಗೆ ಆಟಕ್ಕೆ ಕೊಟ್ಟಿರುತ್ತಾರೆ. ಮೊದಲು ಹೊರಗೆ ಹೋಗಬೇಕಾದದ್ದು ಅದು.

ಒಡೆಯದಂತೆ ಕಟ್ಟಿಡಿ

ದೀಪಗಳಿಗೆ ಹೊಸ ಬಲ್ಬ್ ಬಂದ ರಟ್ಟಿನ ಪೆಟ್ಟಿಗೆಯೇ ಸರಿಯಾದ ಜಾಗ. ನಾಲ್ಕಾರು ಟ್ಯೂಬ್‌ಗಳನ್ನು ಟೇಪ್ ಸುತ್ತಿ ಒಂದೇ ಕಟ್ಟು ಮಾಡಬೇಡಿ, ಬಿಚ್ಚುವಾಗ ಒಡೆಯುವುದು ಅಲ್ಲೇ. ಥರ್ಮಾಮೀಟರನ್ನು ಅದರ ಕವಚದೊಳಗಿಟ್ಟು, ಬಟ್ಟೆ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಬಿಪಿ ಯಂತ್ರವನ್ನು ಕೊಳವೆಯಲ್ಲಿನ ಪಾದರಸ ಕೆಳಗಿನ ತೊಟ್ಟಿಗೆ ಇಳಿಯುವಂತೆ ಬಾಗಿಸಿ, ಮುಚ್ಚುವ ತಿರುಪು ಇದ್ದರೆ ಮುಚ್ಚಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಟನ್ ಸೆಲ್‌ಗಳ ಎರಡೂ ಬದಿಗೆ ಅಂಟುಪಟ್ಟಿ ಹಚ್ಚಿ. ಯಾವುದನ್ನೂ ಬಿಚ್ಚಬೇಡಿ. ಥರ್ಮೋಸ್ಟಾಟ್‌ನಿಂದ ಗುಳಿಗೆಯನ್ನು ಕಿತ್ತು ತೆಗೆಯುವ ಉತ್ಸಾಹ ಖಂಡಿತ ಬೇಡ, ಇಡಿಯಾಗಿ ಕೊಡಿ. ಡಬ್ಬಿಯ ಮೇಲೆ ‘ಪಾದರಸ ಇದೆ’ ಎಂದು ದೊಡ್ಡದಾಗಿ ಬರೆದು, ಬಿಸಿಲು ತಾಗದ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಒಡೆದೇ ಹೋದರೆ

ಬಲ್ಬ್ ಒಡೆದರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕೋಣೆಯಿಂದ ಹೊರಗೆ ಕಳಿಸಿ. ಕಿಟಕಿ ತೆರೆದು ಐದು ಹತ್ತು ನಿಮಿಷ ನೀವೂ ಹೊರಗಿರಿ. ಎಸಿ ಇದ್ದರೆ ಆರಿಸಿ. ಆಮೇಲೆ ಗಟ್ಟಿ ಕಾಗದದಿಂದ ಚೂರುಗಳನ್ನು ಒಟ್ಟುಮಾಡಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ. ಬಳಸಿದ್ದೆಲ್ಲವನ್ನೂ ಮುಚ್ಚಳವಿರುವ ಗಾಜಿನ ಡಬ್ಬಿಗೆ ಹಾಕಿ ಮನೆಯಿಂದ ಹೊರಗಿಡಿ.

ಥರ್ಮಾಮೀಟರ್ ಒಡೆದಾಗ ಪಾದರಸ ಮಣಿಗಳಾಗಿ ಉರುಳುತ್ತದೆ. ಕೈಯಲ್ಲಿ ಉಂಗುರ, ಬಳೆ ಇದ್ದರೆ ಮೊದಲು ತೆಗೆಯಿರಿ: ಪಾದರಸ ಚಿನ್ನ ಬೆಳ್ಳಿಗೆ ಅಂಟಿದರೆ ಬಿಡುವುದಿಲ್ಲ. ಕೈಗವಸು ಹಾಕಿ, ಕೋಣೆಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ನೆಲಕ್ಕೆ ಸಮನಾಗಿ ಹಾಯಿಸಿದರೆ ಮೂಲೆಯಲ್ಲಿ ಅಡಗಿದ ಮಣಿಗಳೂ ಮಿನುಗುತ್ತವೆ. ರಟ್ಟಿನ ತುಂಡಿನಿಂದ ಅವನ್ನು ಒಂದೆಡೆ ಸೇರಿಸಿ, ಡ್ರಾಪರಿನಿಂದ ಹೀರಿ ಡಬ್ಬಿಗೆ ಬಿಡಿ.

ಪೊರಕೆ ಮುಟ್ಟಬೇಡಿ, ಅದು ಒಂದು ಮಣಿಯನ್ನು ನೂರು ಮಾಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು: ಪಾದರಸವನ್ನು ಬಿಸಿ ಮಾಡಿ ಇಡೀ ಮನೆಗೆ ಆವಿಯಾಗಿ ಹರಡುತ್ತದೆ. ಸಿಂಕ್‌ಗೆ ಸುರಿಯಬೇಡಿ. ಪಾದರಸ ತಾಗಿದ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ. ಒಡೆದದ್ದು ಬಿಪಿ ಯಂತ್ರವಾದರೆ ನಿಮ್ಮ ಪ್ರಯತ್ನವನ್ನೇ ಬಿಟ್ಟುಬಿಡಿ. ಬಾಗಿಲು ಮುಚ್ಚಿ ಹೊರಬಂದು ಅಗ್ನಿಶಾಮಕ ದಳಕ್ಕೋ ಸ್ಥಳೀಯ ಆಡಳಿತಕ್ಕೋ ಕರೆ ಮಾಡಿ.

ಯಾರ ಕೈಗೆ ಕೊಡಬೇಕು?

ಗುಜರಿಯವರ ಕೈಗಂತೂ ಅಲ್ಲ. ಅವರಿಗೆ ಬೇಕಿರುವುದು ಟ್ಯೂಬಿನ ಎರಡು ತುದಿಯ ಅಲ್ಯೂಮಿನಿಯಂ, ಅದನ್ನು ತೆಗೆಯಲು ಗಾಜು ಒಡೆಯಲೇಬೇಕು. ಒಡೆಯುವವರ ಉಸಿರಿಗೆ ಆವಿ ಸೇರುತ್ತದೆ. ಕೊಡಬಹುದಾದ ಜಾಗಗಳು ಮೂರು: ದೀಪ ಮಾರಿದ ಅಂಗಡಿ, ಸ್ಥಳೀಯ ಆಡಳಿತದ ಅಪಾಯಕಾರಿ ಕಸದ ಕೇಂದ್ರ, ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರು. ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಈ ಮೂರು ಬಾಗಿಲುಗಳಲ್ಲಿ ಯಾವುದು ತೆರೆದಿದೆ ಎಂಬುದು ನಿಮ್ಮ ದೇಶದಲ್ಲಿ ಸರ್ಕಾರಕ್ಕೂ ಉದ್ಯಮಕ್ಕೂ ಆಗಿರುವ ಒಪ್ಪಂದವನ್ನು ಅವಲಂಬಿಸಿದೆ. ‘ಉತ್ಪಾದಕರ ಹೊಣೆಗಾರಿಕೆ’ ಎನ್ನುವುದು ಇದರ ತಿರುಳು. ತಯಾರಿಸಿದವರೇ ಹಳೆಯದನ್ನು ವಾಪಸು ಪಡೆಯುವ ಖರ್ಚು ಹೊರಬೇಕು, ಗುರಿ ನಿಗದಿ ಮತ್ತು ತಪಾಸಣೆ ಸರ್ಕಾರದ ಪಾಲು. ಯುರೋಪಿನ ಒಕ್ಕೂಟ 2002ರಲ್ಲೇ ವಿದ್ಯುತ್ ಉಪಕರಣಗಳಿಗೆ ಇಂಥ ನಿಯಮ ತಂದು, 2012ರಲ್ಲಿ ಬಿಗಿ ಮಾಡಿತು. ವಿದ್ಯುತ್ ಸಾಮಾನಿಗೆ 400 ಚದರ ಮೀಟರಿಗಿಂತ ಹೆಚ್ಚು ಜಾಗ ಮೀಸಲಿಟ್ಟ ಅಂಗಡಿ, 25 ಸೆಂಟಿಮೀಟರಿಗಿಂತ ಸಣ್ಣ ಹಳೆಯ ಉಪಕರಣವನ್ನು ನೀವು ಏನನ್ನೂ ಕೊಳ್ಳದಿದ್ದರೂ ಉಚಿತವಾಗಿ ಪಡೆಯಬೇಕು. ಭಾರತದಲ್ಲಿ 2016ರ ಇ-ತ್ಯಾಜ್ಯ ನಿಯಮಗಳು ಸಿಎಫ್‌ಎಲ್ ಮತ್ತು ಪಾದರಸವಿರುವ ಇತರ ದೀಪಗಳನ್ನು ತಯಾರಕರ ಹೊಣೆಗೆ ಸೇರಿಸಿದವು.

ಅಮೆರಿಕದ ಥರ್ಮೋಸ್ಟಾಟ್ ಕಥೆ ಈ ವಿಷಯದಲ್ಲಿ ದೊಡ್ಡ ಪಾಠ. 1998ರಲ್ಲಿ ಹನಿವೆಲ್, ಜನರಲ್ ಎಲೆಕ್ಟ್ರಿಕ್ ಮತ್ತು ವೈಟ್-ರಾಜರ್ಸ್ ಎಂಬ ಮೂರು ಕಂಪನಿಗಳು ಸೇರಿ ಹಳೆಯ ಥರ್ಮೋಸ್ಟಾಟ್ ವಾಪಸು ಪಡೆಯಲು ಲಾಭರಹಿತ ಸಂಸ್ಥೆಯೊಂದನ್ನು ಕಟ್ಟಿದವು. ಸಗಟು ಅಂಗಡಿಗಳಲ್ಲಿ ಸಂಗ್ರಹ ಡಬ್ಬಿ, ಸಾಗಣೆಯ ಖರ್ಚು ಸಂಸ್ಥೆಯದು. ಯೋಜನೆ ಅಚ್ಚುಕಟ್ಟಾಗಿತ್ತು. ಆದರೆ ಗೋಡೆಯಿಂದ ಕಳಚಿದ ಥರ್ಮೋಸ್ಟಾಟ್‌ಗಳಲ್ಲಿ ಸಣ್ಣ ಪಾಲಷ್ಟೇ ಡಬ್ಬಿ ತಲುಪುತ್ತಿತ್ತು. ಕಳಚುವ ಕೆಲಸಗಾರನಿಗೆ ಅದನ್ನು ಹೊತ್ತೊಯ್ಯಲು ಕಾರಣವೇ ಇರಲಿಲ್ಲ. ಮೇನ್ ರಾಜ್ಯ 2006ರಲ್ಲಿ ಕಾನೂನು ತಂದು, ಪ್ರತಿ ಥರ್ಮೋಸ್ಟಾಟಿಗೆ ಕನಿಷ್ಠ 5 ಡಾಲರ್ ಮೌಲ್ಯದ ಪ್ರೋತ್ಸಾಹ ಕೊಡಬೇಕೆಂದು ತಯಾರಕರಿಗೆ ಹೇಳಿತು. ಕ್ಯಾಲಿಫೋರ್ನಿಯಾ 2008ರಲ್ಲಿ ತನ್ನದೇ ಕಾಯ್ದೆ ಮಾಡಿ ಸಂಗ್ರಹದ ಗುರಿಗಳನ್ನು ನಿಗದಿಪಡಿಸುವ ದಾರಿ ಹಿಡಿಯಿತು. ಉದ್ಯಮಕ್ಕೆ ಲಾರಿಯೂ ಗೋದಾಮೂ ಹೇಗೆ ನಡೆಸಬೇಕೆಂದು ಗೊತ್ತು, ಆದರೆ ತಾನೇ ಹಾಕಿಕೊಂಡ ಗುರಿ ತಪ್ಪಿದರೆ ಅದನ್ನು ಕೇಳುವವರಿಲ್ಲ. ಬರೀ ಆದೇಶ ಹೊರಡಿಸಿ ಡಬ್ಬಿಗಳನ್ನು ಯಾರು ಖಾಲಿ ಮಾಡಬೇಕೆಂದು ಹೇಳದ ಸರ್ಕಾರದ ಯೋಜನೆಗೂ ಇದೇ ಗತಿ. ಸ್ವಯಂಪ್ರೇರಣೆ ಸಾಕು ಎಂಬ ವಾದವನ್ನು ನಾನು ನಂಬುವುದಿಲ್ಲ.

ಕೊಟ್ಟ ಮೇಲೆ ಏನಾಗುತ್ತದೆ?

ಟ್ಯೂಬ್‌ಗಳನ್ನು ಹೊರಗಿನ ಗಾಳಿಗೆ ಆವಿ ಸೋರದಂತೆ ಒಳಗಿನ ಒತ್ತಡ ತಗ್ಗಿಸಿಟ್ಟ ಯಂತ್ರದಲ್ಲಿ ಪುಡಿ ಮಾಡುತ್ತಾರೆ, ಅಥವಾ ಎರಡೂ ತುದಿ ಕತ್ತರಿಸಿ ಒಳಗಿನ ಬಿಳಿ ಪುಡಿಯನ್ನು ಊದಿ ತೆಗೆಯುತ್ತಾರೆ. ಗಾಜು, ಅಲ್ಯೂಮಿನಿಯಂ, ಪುಡಿ ಬೇರೆ ಬೇರೆಯಾಗುತ್ತವೆ. ಪಾದರಸ ಹೆಚ್ಚಾಗಿ ಅಂಟಿಕೊಂಡಿರುವುದು ಆ ಪುಡಿಗೆ. ಅದನ್ನು ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ, ಎದ್ದ ಆವಿಯನ್ನು ತಣಿಸಿದರೆ ದ್ರವ ಪಾದರಸ ಕೈಗೆ ಬರುತ್ತದೆ. ಪಾದರಸ ಕುದಿಯುವುದು ಸುಮಾರು 357 ಡಿಗ್ರಿ ಸೆಲ್ಸಿಯಸ್‌ಗೆ. ಪುಡಿಯಲ್ಲಿ ಯುರೋಪಿಯಂ, ಟರ್ಬಿಯಂ, ಯಿಟ್ರಿಯಂನಂಥ ವಿರಳ ಲೋಹಗಳೂ ಇರುತ್ತವೆ. ಜಪಾನಿನ ಹೊಕ್ಕೈಡೋದಲ್ಲಿ ಇಟೊಮುಕಾ ಎಂಬ ಪಾದರಸದ ಗಣಿ 1970ರ ದಶಕದಲ್ಲಿ ಮುಚ್ಚಿತು. ನೆಲದಿಂದ ಪಾದರಸ ಅಗೆಯುತ್ತಿದ್ದ ಅದೇ ಜಾಗದಲ್ಲಿ ಈಗ ಹಳೆಯ ಬ್ಯಾಟರಿ, ಟ್ಯೂಬ್‌ಗಳಿಂದ ಪಾದರಸ ತೆಗೆಯುವ ಘಟಕವಿದೆ.

ಹೀಗೆ ಸಿಕ್ಕ ಪಾದರಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮರುಬಳಕೆಯ ಜಾಹೀರಾತುಗಳಲ್ಲಿ ಬರುವುದಿಲ್ಲ. ಗಾಜು, ಅಲ್ಯೂಮಿನಿಯಂ ಮತ್ತೆ ಮಾರುಕಟ್ಟೆಗೆ ಬಂದರೆ ಒಳ್ಳೆಯದೇ. ಪಾದರಸದ ಲೆಕ್ಕ ಹಾಗಲ್ಲ. ಮಾರಿದರೆ ಅದು ಕೈ ಬದಲಾಗುತ್ತ ಸಣ್ಣ ಚಿನ್ನದ ಗಣಿಗಳಿಗೆ ಹೋಗಬಹುದು. ಅಲ್ಲಿ ಅದಿರಿಗೆ ಪಾದರಸ ಬೆರೆಸಿ ಚಿನ್ನ ಹಿಡಿದು, ಪಾದರಸವನ್ನು ಬಯಲಲ್ಲೇ ಸುಟ್ಟು ಹಾರಿಸುತ್ತಾರೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಅಂದಾಜಿನ ಪ್ರಕಾರ ಮನುಷ್ಯರಿಂದ ಗಾಳಿ ಸೇರುವ ಪಾದರಸದಲ್ಲಿ ಸುಮಾರು ಶೇ 38ರಷ್ಟು ಇಂಥ ಗಣಿಗಳದ್ದೇ. ಅದಕ್ಕಾಗಿಯೇ ಯುರೋಪಿನ ಒಕ್ಕೂಟ 2011ರಲ್ಲಿ, ಅಮೆರಿಕ 2013ರ ಆರಂಭದಲ್ಲಿ ಪಾದರಸದ ರಫ್ತನ್ನು ನಿಲ್ಲಿಸಿದವು. ಹೆಚ್ಚುವರಿ ಪಾದರಸವನ್ನು ಗಂಧಕದ ಜೊತೆ ಸೇರಿಸಿ ಸುಲಭವಾಗಿ ಕರಗದ, ಆವಿಯಾಗದ ಘನವಸ್ತುವಾಗಿಸಿ ಶಾಶ್ವತವಾಗಿ ಹೂಳುವುದು ಒಳ್ಳೆಯ ದಾರಿ. ಹಾಗಾಗಿ ಸಂಗ್ರಹಕಾರರನ್ನು ‘ಎಷ್ಟು ಸಂಗ್ರಹಿಸಿದಿರಿ’ ಎಂದಷ್ಟೇ ಕೇಳದೆ, ‘ಪಾದರಸವನ್ನು ಕೊನೆಗೆ ಏನು ಮಾಡಿದಿರಿ’ ಎಂದೂ ಕೇಳಿ.

ಕೊಡುವ ಜಾಗವೇ ಇಲ್ಲದಿದ್ದರೆ?

ಕಟ್ಟಿಟ್ಟ ವಸ್ತು ಒಡೆಯದೆ ಇರುವವರೆಗೆ ಕೆಲವು ತಿಂಗಳು ಮನೆಯಲ್ಲಿದ್ದರೆ ತೊಂದರೆಯಿಲ್ಲ. ಅಷ್ಟರೊಳಗೆ ತಯಾರಕರಿಗೂ ಆಡಳಿತಕ್ಕೂ ಕಾಗದ ಬರೆಯಿರಿ. ಅಂಥ ಕಾಗದಕ್ಕೆ ಬಲ ಕೊಡಲು ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವಿದೆ. ಜಪಾನಿನ ಮಿನಮಾಟಾದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದಿಂದ ಉಂಟಾದ ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಆ ಊರಿನ ಹೆಸರು ಹೊತ್ತ ಒಪ್ಪಂದಕ್ಕೆ 2013ರಲ್ಲಿ ಸಹಿಯಾಯಿತು, 2017ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಪಾದರಸದ ಥರ್ಮಾಮೀಟರ್, ಬಿಪಿ ಯಂತ್ರಗಳ ತಯಾರಿಕೆ, ಆಮದು ಮತ್ತು ರಫ್ತಿಗೆ ಅದು 2020ರ ಗಡುವು ಇಟ್ಟಿತ್ತು, ವಿನಾಯಿತಿ ಕೇಳಿದ ದೇಶಗಳನ್ನು ಬಿಟ್ಟು. ಸಾಮಾನ್ಯ ಬೆಳಕಿನ ಟ್ಯೂಬ್‌ಲೈಟ್‌ಗಳಿಗೆ 2027ರ ಗಡುವು. ಹೊಸದು ಬರುವುದು ನಿಂತ ಮೇಲೆ ಹಳೆಯದರ ದೊಡ್ಡ ಅಲೆ ಕಸಕ್ಕೆ ಬರುತ್ತದೆ, ಅದರ ಖರ್ಚು ಕೊಡಬೇಕಾದ ದೀಪ ಕಂಪನಿಗಳಲ್ಲಿ ಕೆಲವು ಅಷ್ಟರಲ್ಲಿ ಉಳಿದಿರಲಿಕ್ಕಿಲ್ಲ. ನಿಧಿಯನ್ನು ಈಗಲೇ ಕೂಡಿಡುವಂತೆ ಸರ್ಕಾರ ಹೇಳಬೇಕಾದ ಸಮಯ ಇದು.

ಕಾಗದದಲ್ಲಿ ಉದ್ದ ಪೀಠಿಕೆ ಬೇಡ. ದೀಪದ ತಯಾರಕರ ಹೆಸರು, ನಿಮ್ಮ ಬಳಿ ಇರುವ ವಸ್ತು ಮತ್ತು ಅದರ ಸಂಖ್ಯೆ, ಹತ್ತಿರದ ಸಂಗ್ರಹ ಕೇಂದ್ರ ಯಾವುದು ಎಂಬ ನೇರ ಪ್ರಶ್ನೆ, ಇಷ್ಟಿದ್ದರೆ ಸಾಕು. ತಯಾರಕರ ಗ್ರಾಹಕ ಸೇವೆಗೆ ಕಳಿಸಿ, ಒಂದು ಪ್ರತಿಯನ್ನು ಸ್ಥಳೀಯ ಆಡಳಿತಕ್ಕೆ, ಇನ್ನೊಂದನ್ನು ಮಾಲಿನ್ಯ ನಿಯಂತ್ರಣದ ಇಲಾಖೆಗೆ ಕಳಿಸಿ, ಮೂರೂ ಕಡೆ ಕಳಿಸಿರುವುದನ್ನು ಕಾಗದದ ಕೆಳಗೆ ಎಲ್ಲರಿಗೂ ಕಾಣುವಂತೆ ನಮೂದಿಸಿ.