ಕೋಶದ ಒಳಗಿನ ಕಾವಲನ್ನು ಪರೀಕ್ಷಿಸುವುದು ಹೇಗೆ?

ಬ್ಯಾಕ್ಟೀರಿಯಾದ ಎಲ್‌ಪಿಎಸ್ ಎಂಬ ವಸ್ತು ಕೋಶದೊಳಗೆ ನುಗ್ಗಿದಾಗ ಅದನ್ನು ಹಿಡಿಯುವ ಕಾವಲು ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪ್ರಯೋಗ ಇದು. ಲ್ಯಾಬ್‌ಗೆ ಹೊಸದಾಗಿ ಬಂದವರು ಇದನ್ನು ಕೆಡಿಸಿಕೊಳ್ಳುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಎಲ್‌ಪಿಎಸ್ ಕೋಶದ ಹೊರಗೇ ಉಳಿಯಿತೋ, ಒಳಗೆ ಸೇರಿತೋ ಎಂದು ಬೇರೆ ಮಾಡಿ ನೋಡುವುದೇ ಇಲ್ಲ.

ಎಲ್‌ಪಿಎಸ್ ಅಂದರೆ ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ವಸ್ತು. ಹೊರಗಿದ್ದರೆ ಅದನ್ನು ಗುರುತಿಸುವುದು ಕೋಶದ ಪೊರೆಯ ಮೇಲಿನ ಟಿಎಲ್ಆರ್4 ಎಂಬ ಗ್ರಾಹಕ. ಕೋಶದ್ರವಕ್ಕೆ ನುಗ್ಗಿದರೆ ಇಲಿಯಲ್ಲಿ ಕ್ಯಾಸ್ಪೇಸ್-11, ಮನುಷ್ಯರಲ್ಲಿ ಕ್ಯಾಸ್ಪೇಸ್-4 ಮತ್ತು 5 ಎಂಬ ಕಿಣ್ವಗಳು ಅದನ್ನು ನೇರವಾಗಿ ಹಿಡಿಯುತ್ತವೆ. ಆಮೇಲೆ ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನನ್ನು ಕತ್ತರಿಸುತ್ತವೆ. ಅದರ ತುಂಡುಗಳು ಪೊರೆಯಲ್ಲಿ ತೂತು ಮಾಡುತ್ತವೆ, ಕೋಶ ಉಬ್ಬಿ ಒಡೆಯುತ್ತದೆ.

ಮೊದಲು ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೊಫೇಜ್‌ಗಳನ್ನು (ರೋಗಾಣು ನುಂಗುವ ರಕ್ಷಣಾ ಕೋಶಗಳನ್ನು) ಹಿಂದಿನ ದಿನವೇ ಪ್ಲೇಟ್‌ಗೆ ಹಾಕಿಡಿ.

ಎರಡನೆಯದು ಪ್ರೈಮಿಂಗ್, ಅಂದರೆ ಕೋಶವನ್ನು ಮೊದಲೇ ಸಜ್ಜುಗೊಳಿಸುವುದು. ಇಲಿಯ ಕೋಶದಲ್ಲಿ ಕ್ಯಾಸ್ಪೇಸ್-11 ಮೊದಲೇ ಸಾಕಷ್ಟು ಇರುವುದಿಲ್ಲ, ಎಬ್ಬಿಸಬೇಕು. ಟಿಎಲ್ಆರ್2 ಎಂಬ ಇನ್ನೊಂದು ಗ್ರಾಹಕವನ್ನು ಕೆರಳಿಸುವ ಪ್ಯಾಮ್3ಸಿಎಸ್‌ಕೆ4 ಹಾಕಿ 5-6 ಗಂಟೆ ಬಿಡಿ. ಇದಕ್ಕೂ ಎಲ್‌ಪಿಎಸ್ಸನ್ನೇ ಬಳಸುವ ಅಡ್ಡದಾರಿ ಬೇಡವೇ ಬೇಡ. ಹೊರಗಿನ ಸಂಕೇತ ಯಾವುದು, ಒಳಗಿನದು ಯಾವುದು ಎಂದು ಆಮೇಲೆ ಹೇಳಲಾಗುವುದಿಲ್ಲ.

ಮೂರನೆಯದೇ ಕಷ್ಟದ ಹಂತ. ಎಲ್‌ಪಿಎಸ್ ಅಂಟು ಸ್ವಭಾವದ್ದು. ನೀರಿನಲ್ಲಿ ಗುಂಪುಗಟ್ಟುತ್ತದೆ, ಟ್ಯೂಬಿನ ಗೋಡೆಗೂ ಅಂಟಿಕೊಳ್ಳುತ್ತದೆ. ಫ್ರಿಜ್‌ನಿಂದ ತೆಗೆದು ಸುಮ್ನೆ ಎರಡು ಸಲ ಅಲುಗಾಡಿಸಿ ಪಿಪೆಟ್‌ನಲ್ಲಿ ಎಳೆದರೆ ಪ್ಲೇಟ್‌ನ ಪ್ರತಿ ಬಾವಿಗೂ (ಗುಳಿಗೂ) ಬೇರೆ ಬೇರೆ ಪ್ರಮಾಣ ಬೀಳುತ್ತದೆ. ಪ್ರತಿ ಸಲವೂ ಚೆನ್ನಾಗಿ ವೋರ್ಟೆಕ್ಸ್ ಮಾಡಿ. ಕೊಳ್ಳುವಾಗ ಅತಿಶುದ್ಧ ದರ್ಜೆಯದನ್ನೇ ಕೊಳ್ಳಿ. ಅಗ್ಗದ ಎಲ್‌ಪಿಎಸ್‌ನಲ್ಲಿ ಬ್ಯಾಕ್ಟೀರಿಯಾದ ಲಿಪೊಪ್ರೋಟೀನ್ ಬೆರೆತಿರುತ್ತದೆ, ಅದು ಟಿಎಲ್ಆರ್2 ಕೆರಳಿಸುತ್ತದೆ. ಆಮೇಲೆ ಸೀರಂ ಇಲ್ಲದ ಮೀಡಿಯಂಗೆ ಬದಲಿಸಿ, ವಸ್ತುವನ್ನು ಕೋಶದೊಳಗೆ ಸಾಗಿಸುವ ಟ್ರಾನ್ಸ್‌ಫೆಕ್ಷನ್ ರಿಯೇಜೆಂಟ್ ಜೊತೆ ಎಲ್‌ಪಿಎಸ್ ಸೇರಿಸಿ. ಪಕ್ಕದಲ್ಲೇ ಎರಡು ಬಾವಿ ಇರಲೇಬೇಕು: ಒಂದರಲ್ಲಿ ರಿಯೇಜೆಂಟ್ ಇಲ್ಲದ ಎಲ್‌ಪಿಎಸ್, ಇನ್ನೊಂದರಲ್ಲಿ ಬರೀ ರಿಯೇಜೆಂಟ್. ಜಾಗ ಸಾಲದು ಅಂತ ಇವನ್ನೇ ಮೊದಲು ಬಿಡುವವರು ಜಾಸ್ತಿ. ಇವಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ. ರಿಯೇಜೆಂಟ್ ಒಂದೇ ಕೋಶ ಕೊಲ್ಲಬಹುದು ಅಲ್ವಾ?

ಮರುದಿನ ಬೆಳಿಗ್ಗೆ ಮೇಲಿನ ದ್ರವ ತೆಗೆದು ಎಲ್‌ಡಿಎಚ್ ಅಳೆಯಿರಿ. ಒಡೆದ ಕೋಶದಿಂದ ಸೋರುವ ಕಿಣ್ವ ಇದು. ಸೀರಂನಲ್ಲೂ ಎಲ್‌ಡಿಎಚ್ ಇರುವುದರಿಂದಲೇ ಮೀಡಿಯಂನಲ್ಲಿ ಸೀರಂ ಬಿಟ್ಟದ್ದು. ಏನೂ ಹಾಕದ ಬಾವಿಯ ಅಳತೆಯನ್ನು ಕಳೆದು, ಟ್ರೈಟಾನ್ ಎಂಬ ಮಾರ್ಜಕ ಹಾಕಿ ಪೂರ್ತಿ ಒಡೆದ ಬಾವಿಯನ್ನು 100 ಎಂದು ಹಿಡಿದು ಲೆಕ್ಕ ಹಾಕಿ.

ಸಿಕ್ಕರೆ ಟಿಎಲ್ಆರ್4 ಇಲ್ಲದ ಇಲಿಯ ಕೋಶವನ್ನೂ ಜೊತೆಗಿಡಿ. ಆ ಗ್ರಾಹಕವಿಲ್ಲದೆಯೂ ಕ್ಯಾಸ್ಪೇಸ್-11 ಒಳಗಿನ ಎಲ್‌ಪಿಎಸ್‌ಗೆ ಎಚ್ಚರಗೊಳ್ಳುತ್ತದೆ ಎಂದು 2013ರಲ್ಲಿ ಎರಡು ತಂಡಗಳು ತೋರಿಸಿದ್ದು ಇಂಥ ಕೋಶಗಳಿಂದಲೇ. ಅಲ್ಲೂ ಎಲ್‌ಡಿಎಚ್ ಏರಿ, ಕ್ಯಾಸ್ಪೇಸ್-11 ಇಲ್ಲದ ಕೋಶದಲ್ಲಿ ಏರದಿದ್ದರೆ ನೀವು ಅಳೆದದ್ದು ಒಳಗಿನ ಕಾವಲನ್ನೇ.